ಕಾಯಕದ ವೇತನ, ಬದುಕಿನ ವೆಚ್ಚ

ಸಂಬಳದ ಚೀಟಿಯಲ್ಲಿ ಕಾಣುವ ಮೊತ್ತ ನಾಮಮಾತ್ರ ವೇತನವೆನಿಸಿದರೆ, ಬಾಡಿಗೆ, ಊಟ, ಪ್ರಯಾಣಗಳ ಬೆಲೆಯ ಮುಂದೆ ಆ ಮೊತ್ತಕ್ಕಿರುವ ಕೊಳ್ಳುವ ಶಕ್ತಿಯೇ ನೈಜ ವೇತನ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಿಂದ ಬೆಂಗಳೂರಿಗೆ ಹೊರಡುವ ಶುಶ್ರೂಷಕಿಯು ತೂಗಿ ನೋಡಬೇಕಾದುದು ಈ ಎರಡನೆಯದನ್ನು. ಏಕೆಂದರೆ ಊರಿನಲ್ಲಿ ಲೆಕ್ಕಕ್ಕೇ ಬಾರದ ಮನೆಯ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಸ್ವಂತ ಸೂರುಗಳಿಗೆ ನಗರದಲ್ಲಿ ಪ್ರತಿ ತಿಂಗಳೂ ಹಣ ತೆರಬೇಕಾಗುತ್ತದೆ. ಸುಪ್ರೀಂ ಕೋರ್ಟ್ ನಿರ್ದೇಶನದಂತೆ 2016ರಲ್ಲಿ ರಚಿತವಾದ ತಜ್ಞರ ಸಮಿತಿಯು, 50ಕ್ಕಿಂತ ಕಡಿಮೆ ಹಾಸಿಗೆಗಳ ಖಾಸಗಿ ಆಸ್ಪತ್ರೆಯಲ್ಲಿಯೂ ಶುಶ್ರೂಷಕರ ಮಾಸಿಕ ವೇತನ 20,000 ರೂಪಾಯಿಗಿಂತ ಕಡಿಮೆಯಿರಬಾರದೆಂದು ಶಿಫಾರಸು ಮಾಡಿತು. ಆದರೆ ಶಿಫಾರಸು ತಾನಾಗಿಯೇ ಕಾನೂನಾಗದು. ಕಾಯಕಕ್ಕೆ ಘನತೆ ತಂದ ಬಸವಣ್ಣನವರ ಜನ್ಮಭೂಮಿಯಾದ ಬಾಗೇವಾಡಿ ಸೀಮೆಯ ಮಕ್ಕಳು ರಾತ್ರಿಪಾಳಿಯಲ್ಲಿ ರೋಗಿಯ ನಾಡಿ ಹಿಡಿದು ಕುಳಿತಾಗ, ಅವರ ಮನಸ್ಸನ್ನು ಬಾಡಿಗೆಯ ಚಿಂತೆ ಕಾಡದಂತೆ ನೋಡಿಕೊಳ್ಳುವುದು ಸಮಾಜದ ಹೊಣೆ.