ಸುರಂಗದ ಬಾಯಲ್ಲಿ ಮೂವರು ವಿದ್ಯಾರ್ಥಿಗಳು
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕಾಲೇಜು ವಿದ್ಯಾರ್ಥಿಗಳೂ ಸಂಶೋಧನೆಯೂ ಎಂಬ ವಿಷಯವನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಕಾರ್ಯದರ್ಶಿಗಳು ನನಗೆ ಅಪ್ಪಣೆ ಮಾಡಿದ್ದಾರೆ. ಸಂಶೋಧನೆಯೆಂಬ ಶಬ್ದ ಕಿವಿಗೆ ಬಿದ್ದೊಡನೆ ನಮ್ಮ ಕಣ್ಣಮುಂದೆ ಎರಡು ಚಿತ್ರಗಳು ಬಂದು ನಿಲ್ಲುತ್ತವೆ. ಒಂದು, ಗಾಜಿನ ನಳಿಗೆಗಳ ನಡುವೆ ಬಿಳಿಯ ನಿಲುವಂಗಿ ತೊಟ್ಟು ನಿಂತ ವಿಜ್ಞಾನಿ. ಇನ್ನೊಂದು, ತಾಳೆಗರಿಯ ಕಟ್ಟಿನ ಮೇಲೆ ಬಾಗಿ ಕುಳಿತ ವೃದ್ಧ ವಿದ್ವಾಂಸ. ಬೆಳಗ್ಗೆ ಬಸ್ಸು ಹಿಡಿದು ಕಾಲೇಜಿಗೆ ಹೋಗಿ, ಸಂಜೆ ಮನೆಗೆ ಬಂದು ದನಕ್ಕೆ ಹುಲ್ಲು ಹಾಕುವ ಇಪ್ಪತ್ತು ವರ್ಷದ ನಮ್ಮ ಮಗನಾಗಲಿ ಮಗಳಾಗಲಿ ಈ ಎರಡು ಚಿತ್ರಗಳಲ್ಲಿಯೂ ಇಲ್ಲ. ಅವರಿಗೂ ಅಲ್ಲಿ ಸ್ಥಳವುಂಟು ಎಂದು ಹೇಳುವುದೇ ನನ್ನ ಇಂದಿನ ಉದ್ದೇಶ.

ಈ ಮಾತಿಗೆ ಈಗ ಕಾಲವೂ ಕೂಡಿಬಂದಿದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2022ರ ಡಿಸೆಂಬರಿನಲ್ಲಿ ನಾಲ್ಕು ವರ್ಷದ ಪದವಿಶಿಕ್ಷಣದ ಚೌಕಟ್ಟನ್ನು ಪ್ರಕಟಿಸಿತು. ಕೇರಳದ ವಿಶ್ವವಿದ್ಯಾಲಯಗಳು 2024ರಲ್ಲಿ ಅದನ್ನು ಆಚರಣೆಗೆ ತಂದವು. ಮೂರು ವರ್ಷಕ್ಕೆ ಪದವಿ ಪಡೆದು ಹೊರಡುವವರು ಹೊರಡಬಹುದು. ಮೊದಲ ಆರು ಅರ್ಧವರ್ಷಗಳಲ್ಲಿ ನೂರಕ್ಕೆ 75 ಅಂಕ ಗಳಿಸಿದವರು, ಇಷ್ಟವಿದ್ದಲ್ಲಿ, ನಾಲ್ಕನೆಯ ವರ್ಷವನ್ನು ಸಂಶೋಧನೆಗೆ ಕೊಡಬಹುದು. ಹಾಗೆ ಮೊದಲ ತಂಡದವರು ನಾಲ್ಕನೆಯ ವರ್ಷಕ್ಕೆ ಕಾಲಿಡುವುದು 2027ರಲ್ಲಿ. "ಮೂರು ವರ್ಷದಲ್ಲಿ ಮುಗಿಯತಕ್ಕದ್ದನ್ನು ನಾಲ್ಕು ವರ್ಷ ಎಳೆಯುವುದೇಕೆ? ಕೆಲಸಕ್ಕೆ ಸೇರುವ ಹುಡುಗನನ್ನು ಇನ್ನೊಂದು ವರ್ಷ ಸಾಕುವುದು ಯಾರು?" ಎಂದು ಕೇಳುವ ತಂದೆತಾಯಿಗಳನ್ನು ನಾನು ಬಲ್ಲೆ. ಅವರ ಪ್ರಶ್ನೆ ಅನ್ಯಾಯದ್ದಲ್ಲ. ಅಡಕೆಯ ಧಾರಣೆ ನೆಚ್ಚಿಕೊಂಡ ಮನೆಗಳಲ್ಲಿ ಒಂದು ವರ್ಷವೆಂಬುದು ಸಣ್ಣ ಮಾತಲ್ಲ.

ಆದರೆ ಪದವಿಗೆ ಮೊದಲೇ ಸಂಶೋಧನೆ ಮಾಡುವುದು ಹೊಸ ಸಂಗತಿಯೇನೂ ಅಲ್ಲ. ಕಾಸರಗೋಡು ಮದ್ರಾಸು ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ ಅಲ್ಲಿಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸುಬ್ರಹ್ಮಣ್ಯನ್ ಚಂದ್ರಶೇಖರ್ ಎಂಬ ಹುಡುಗ ಭೌತಶಾಸ್ತ್ರ ಓದುತ್ತಿದ್ದ. ಅದೂ ಸರಕಾರಿ ಕಾಲೇಜೇ ಎಂಬುದನ್ನು ಗಮನಿಸಬೇಕು. 1928ರಲ್ಲಿ ಜರ್ಮನಿಯ ಪ್ರಸಿದ್ಧ ವಿಜ್ಞಾನಿ ಸೊಮ್ಮರ್‌ಫೆಲ್ಡ್ ಮದ್ರಾಸಿಗೆ ಬಂದಾಗ ಈ ಹುಡುಗ ಅವರು ಇಳಿದುಕೊಂಡಿದ್ದ ಹೋಟೆಲಿಗೇ ಹೋಗಿ ಕಂಡ. "ನೀನು ಓದಿದ ಪರಮಾಣುಶಾಸ್ತ್ರ ಆಗಲೇ ಹಳತಾಯಿತು" ಎಂಬರ್ಥದ ಮಾತನ್ನು ಹೇಳಿ, ಅವರು ಇನ್ನೂ ಅಚ್ಚಾಗದಿದ್ದ ತಮ್ಮ ಲೇಖನದ ಕರಡುಪ್ರತಿಯನ್ನು ಅವನ ಕೈಗಿತ್ತರು. ಮತ್ತೊಬ್ಬನಾಗಿದ್ದರೆ ಮುಖ ಸಣ್ಣದು ಮಾಡಿಕೊಂಡು ಬರುತ್ತಿದ್ದ. ಈತ ಆ ಕರಡನ್ನು ಓದಿ, ಅದರ ದಾರಿಯಲ್ಲಿ ತಾನೇ ಲೆಕ್ಕಹಾಕಿ ಬರೆದ ಲೇಖನ 1929ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅವನಿಗೆ ಪದವಿ ದೊರೆತದ್ದು ಅದರ ಮರುವರ್ಷ. ನೊಬೆಲ್ ಬಹುಮಾನ ಬಂದದ್ದು 1983ರಲ್ಲಿ.

ಇಷ್ಟು ದೂರ ಹೋಗಲೇಬೇಕೆಂದಿಲ್ಲ. ಮಂಜೇಶ್ವರದ ಗೋವಿಂದ ಪೈಗಳು ಮದ್ರಾಸಿನಲ್ಲಿ ಬಿ.ಎ. ಓದುತ್ತಿದ್ದಾಗ ತಂದೆಯವರನ್ನು ಕಳೆದುಕೊಂಡು ಊರಿಗೆ ಮರಳಿದವರು. ಪದವಿ ಅವರ ಕೈಸೇರಲೇ ಇಲ್ಲ. 1949ರಲ್ಲಿ ಮದ್ರಾಸು ಸರಕಾರ ಅವರನ್ನು ರಾಷ್ಟ್ರಕವಿಯೆಂದು ಗೌರವಿಸಿತು. ಕವಿಗಳೆಂದೇ ನಾವು ಅವರನ್ನು ನೆನೆಯುತ್ತೇವೆ. ಆದರೆ ಕನ್ನಡ ಕವಿಗಳ ಕಾಲನಿರ್ಣಯ, ತುಳುನಾಡಿನ ಪ್ರಾಚೀನ ಚರಿತ್ರೆ ಇವುಗಳಿಗಾಗಿ ಅವರು ಪಟ್ಟ ಶ್ರಮ ಕಾವ್ಯಕ್ಕಿಂತ ಕಡಮೆಯದಲ್ಲ. ಅವರ ಹೆಸರಿನ ಸರಕಾರಿ ಕಾಲೇಜು 1980ರಿಂದ ಮಂಜೇಶ್ವರದಲ್ಲಿದೆ. ಕಾಸರಗೋಡಿನ ಸರಕಾರಿ ಕಾಲೇಜು ಇನ್ನೂ ಹಿರಿಯದು; ರಾಜ್ಯಗಳ ಪುನರ್ವಿಂಗಡಣೆಯಾದ ಮರುವರ್ಷ, 1957ರಲ್ಲಿ, ಆರಂಭವಾದುದು. ಅಲ್ಲಿ ಕನ್ನಡ ವಿಭಾಗವುಂಟು, ಭೂವಿಜ್ಞಾನ ವಿಭಾಗವುಂಟು, ಅರ್ಥಶಾಸ್ತ್ರವುಂಟು. ಒಂದೇ ಅಂಗಳದಲ್ಲಿ ಇಷ್ಟು ಶಾಸ್ತ್ರಗಳು ಕೂಡಿರುವಾಗ ಒಂದರ ವಿದ್ಯಾರ್ಥಿ ಇನ್ನೊಂದರ ಬಾಗಿಲನ್ನು ತಟ್ಟದೆ ಮೂರು ವರ್ಷ ಕಳೆಯುವುದು ನನಗೆ ಯಾವಾಗಲೂ ಆಶ್ಚರ್ಯವೆನಿಸುತ್ತದೆ.

ಈ ವಿಷಯದಲ್ಲಿ ನಾನು ಕಣ್ಣಾರೆ ಕಂಡುದೊಂದನ್ನು ಹೇಳಬೇಕು. ನಾನು ಆಗ ಬೇರೊಂದು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ಅದರ ಹೆಸರು ಇಲ್ಲಿ ಬೇಡ. ನಮ್ಮ ನಾಡಿನ ಸುರಂಗಗಳನ್ನು ನೀವೆಲ್ಲ ಬಲ್ಲಿರಿ. ನಿಮ್ಮಲ್ಲಿ ಎಷ್ಟೋ ಮಂದಿ ಅದರ ನೀರನ್ನೇ ಕುಡಿದು ಬೆಳೆದವರು. ಗುಡ್ಡದ ಮುರಕಲ್ಲಿನಲ್ಲಿ ಒಬ್ಬ ಮನುಷ್ಯ ನಡೆದುಹೋಗುವಷ್ಟೇ ಎತ್ತರ ಅಗಲಗಳಲ್ಲಿ ಅಡ್ಡಲಾಗಿ ತೋಡಿದ ದಾರಿ, ಅದರೊಳಗಿಂದ ತಾನಾಗಿ ಹರಿದುಬರುವ ನೀರು, ಬಾಯಲ್ಲೊಂದು ಕೆರೆ. ಈ ಮುರಕಲ್ಲಿಗೆ ಶಾಸ್ತ್ರದ ಹೆಸರು ಬಂದದ್ದೂ ಕೇರಳದಲ್ಲಿಯೇ. 1800-01ರಲ್ಲಿ ಈ ಕಡೆ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಮಲಬಾರಿನ ಅಂಗಾಡಿಪುರದಲ್ಲಿ, ಕಡಿಯುವಾಗ ಮೆದುವಾಗಿದ್ದು ಗಾಳಿಗೊಡ್ಡಿದ ಮೇಲೆ ಗಟ್ಟಿಯಾಗುವ ಕಲ್ಲನ್ನು ಕಂಡು, ಇಟ್ಟಿಗೆಯೆಂಬರ್ಥದ ಲ್ಯಾಟಿನ್ ಶಬ್ದದಿಂದ ಅದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟನು. 1807ರಲ್ಲಿ ಅಚ್ಚಾದ ಅವನ ಗ್ರಂಥದಲ್ಲಿ ಅದು ದಾಖಲಾಗಿದೆ.

ಮಳೆಗಾಲದಲ್ಲಿ ನಮ್ಮಲ್ಲಿ ಸುಮಾರು ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ರಂಧ್ರಮಯವಾದ ಮುರಕಲ್ಲಿನಲ್ಲಿ ನೀರು ಇಂಗಿ, ಕೆಳಗಿನ ಜೇಡಿಯ ಪದರದ ಮೇಲೆ ನಿಲ್ಲುತ್ತದೆ. ಸುರಂಗ ತೋಡುವವನು ಆ ನೀರಿಗೆ ಬಾಗಿಲು ತೆರೆಯುವವನು. ಭೂವಿಜ್ಞಾನದ ವಿದ್ಯಾರ್ಥಿಯೊಬ್ಬ ಇದನ್ನೇ ತನ್ನ ಕೊನೆಯ ವರ್ಷದ ಪ್ರಬಂಧಕ್ಕೆ ಆರಿಸಿಕೊಂಡು, ಸುರಂಗ ತೋಡುವುದರಲ್ಲಿ ಹೆಸರಾದ ಅಜ್ಜನೊಬ್ಬನ ಮನೆಗೆ ಹೋದ. ಬರಿಗೈಯಲ್ಲಿ ಹಿಂತಿರುಗಿ ಬಂದ. "ಸ್ತರಗಳು ಹೇಗಿವೆಯೆಂದು ಕೇಳಿದೆ ಸಾರ್, ಅಜ್ಜ ಎಲೆ ಮೆಲ್ಲುತ್ತಾ ಸುಮ್ಮನೆ ಕುಳಿತರು" ಎಂದ. ಸ್ತರವೆಂದರೆ ಅಜ್ಜನಿಗೆ ಹೇಗೆ ತಿಳಿಯಬೇಕು? ಮುಂದಿನ ಸಲ ಅವನೊಡನೆ ಕನ್ನಡ ವಿಭಾಗದ ಹುಡುಗಿಯೊಬ್ಬಳನ್ನು ಕಳುಹಿಸಿದೆ. ಮನೆಯಲ್ಲಿ ತುಳು ಆಡುವವಳು. ಅರ್ಥಶಾಸ್ತ್ರದ ಹುಡುಗನೊಬ್ಬ ತಾನೂ ಬರುತ್ತೇನೆಂದು ಹೊರಟ. ಅವನದು ಮೊದಲಿಗೆ ಬರಿಯ ಕುತೂಹಲ.

"ಅಜ್ಜಾ, ನೀರು ಬರುವುದಕ್ಕೆ ಮೊದಲು ನಿಮ್ಮ ಕೈಗೆ ಹೇಗೆ ತಿಳಿಯುತ್ತದೆ?" ಎಂದು ಹುಡುಗಿ ಕೇಳಿದಳು. ಅಜ್ಜ ಎದ್ದು ನಿಂತರಂತೆ. ಪಿಕ್ಕಾಸಿನ ಸದ್ದು ಬದಲಾಗುವುದು, ಮಣ್ಣು ಅಂಗೈಗೆ ಅಂಟುವುದು, ದೀಪ ಮಂಕಾದರೆ ಹಿಂದೆ ಸರಿಯಬೇಕಾದುದು, ಉದ್ದವಾದಲ್ಲಿ ಗಾಳಿಗಾಗಿ ಮೇಲಿನಿಂದ ಬಾವಿಯಂಥ ಕಂಡಿಯನ್ನು ಇಳಿಸುವುದು, ಎಲ್ಲವನ್ನೂ ಎರಡು ಗಂಟೆಯ ಕಾಲ ಹೇಳಿದರು. ಸುರಂಗದ ಉದ್ದವೆಷ್ಟೆಂದರೆ "ನಲವತ್ತು ಕೋಲು" ಎಂದರು. ಕೋಲೆಂದರೆ ಸುಮಾರು 72 ಸೆಂಟಿಮೀಟರು. ಭೂವಿಜ್ಞಾನದ ಹುಡುಗ ಟೇಪು ಹಿಡಿದು ಒಳಗೆ ಹೋಗಿ ಅಳೆದು ಬಂದ, 29 ಮೀಟರು! ಅಜ್ಜನ ಲೆಕ್ಕ ಒಂದು ಗೇಣಿನಷ್ಟು ಮಾತ್ರ ತಪ್ಪಿತ್ತು. ಕೂಲಿಯೂ ಕೋಲಿನ ಲೆಕ್ಕದಲ್ಲಿಯೇ, ಒಳಗೆ ಹೋದಷ್ಟೂ ಮಣ್ಣು ಹೊರುವ ದೂರ ಹೆಚ್ಚುವುದರಿಂದ ಕೂಲಿಯೂ ಏರುತ್ತದೆಯೆಂದು ತಿಳಿದಾಗ ಅರ್ಥಶಾಸ್ತ್ರದವನ ಕಣ್ಣು ಅರಳಿತು. ಅವನಿಗೆ ಪ್ರಬಂಧದ ವಿಷಯ ಅಲ್ಲಿಯೇ ದೊರೆಯಿತು. ಮೂವರಲ್ಲಿ ಯಾವನೊಬ್ಬನೇ ಹೋಗಿದ್ದರೂ ಇದರ ಮೂರರಲ್ಲೊಂದು ಪಾಲೂ ಸಿಕ್ಕುತ್ತಿರಲಿಲ್ಲ.

ಇಲ್ಲಿಗೆ ಕಥೆ ಮುಗಿದಿದ್ದರೆ ನನಗೆ ಹೆಮ್ಮೆಯಾಗುತ್ತಿತ್ತು. ಪ್ರಬಂಧ ಇಂಗ್ಲಿಷಿನಲ್ಲಿ ಸಿದ್ಧವಾಯಿತು, ಒಳ್ಳೆಯ ಅಂಕಗಳು ಬಂದವು, ಹುಡುಗರು ಹೊರಟುಹೋದರು. ಐದಾರು ವರ್ಷಗಳ ಮೇಲೆ ಅಜ್ಜ ತೀರಿಕೊಂಡರು. ಅವರ ಮಗ ಒಂದು ದಿನ ನನ್ನನ್ನು ಹುಡುಕಿಕೊಂಡು ಬಂದ. "ಅಪ್ಪ ಹೇಳಿದ್ದನ್ನು ಬರೆದುಕೊಂಡು ಹೋಗಿದ್ದರಲ್ಲ, ಅದು ಎಲ್ಲಿ ಉಂಟು ಮಾಷ್ಟ್ರೇ? ನಮ್ಮ ಸುರಂಗದ ಒಳಗೆ ಒಂದು ಕಡೆ ಕುಸಿದಿದೆ, ಅಪ್ಪ ಯಾವ ಬದಿಗೆ ತಿರುಗಿಸಿದ್ದರೆಂದು ನನಗೆ ಗೊತ್ತಿಲ್ಲ" ಎಂದ. ನಾನು ಕಾಲೇಜಿಗೆ ಹೋಗಿ ವಿಚಾರಿಸಿದೆ. ಹಳೆಯ ಪ್ರಬಂಧಗಳನ್ನೆಲ್ಲ ಸ್ಥಳವಿಲ್ಲವೆಂದು ರದ್ದಿಗೆ ಹಾಕಿ ಎರಡು ವರ್ಷಗಳಾಗಿದ್ದವು. ಯಾರನ್ನು ದೂರಲಿ? ಒಂದು ಪ್ರತಿಯನ್ನು ಆ ಮನೆಗೆ ಕೊಡಬೇಕೆಂಬ ಬುದ್ಧಿ ಮಾರ್ಗದರ್ಶಕನಾದ ನನಗೇ ಬರಲಿಲ್ಲ. ಕೊಟ್ಟಿದ್ದರೂ ಆ ಇಂಗ್ಲಿಷನ್ನು ಅವರು ಓದುತ್ತಿರಲಿಲ್ಲ. ಮಗ ಸುರಂಗವನ್ನು ಬಿಟ್ಟು ಕೊಳವೆಬಾವಿ ಕೊರೆಯಿಸಿದ.

ಜ್ಞಾನ ಊರಿನಿಂದ ಹೊರಟರೆ ಸಾಲದು, ಊರಿಗೆ ಹಿಂತಿರುಗಬೇಕು. ಎಣ್ಮಕಜೆಯ ಪಡ್ರೆಯಲ್ಲಿ ನಡೆದುದನ್ನು ನೆನೆಯಿರಿ. ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಹುಟ್ಟುವ ಮಕ್ಕಳಲ್ಲಿ, ಒಂದೇ ಓಣಿಯ ಮನೆಗಳಲ್ಲಿ ಹೆಚ್ಚುತ್ತಿದ್ದ ಕಾಯಿಲೆಗಳಲ್ಲಿ ಏನೋ ಕ್ರಮವಿದೆಯೆಂದು ಮೊದಲು ಕಂಡುಕೊಂಡವರು ದೊಡ್ಡ ಪ್ರಯೋಗಶಾಲೆಯವರಲ್ಲ. ಅಲ್ಲಿಯೇ ಇದ್ದ ಹಳ್ಳಿಯ ವೈದ್ಯರು, ಅಲ್ಲಿಯ ಕೃಷಿಕರು, ಲೇಖಕರು. ರೋಗಿಗಳು ತುಳುವಿನಲ್ಲಿಯೂ ಕನ್ನಡದಲ್ಲಿಯೂ ಹೇಳಿದ ಮಾತುಗಳನ್ನು ಕೇಳಿ ತಿಳಿಯಬಲ್ಲವರು ಅವರೇ. ಅಹಮದಾಬಾದಿನ ರಾಷ್ಟ್ರೀಯ ಸಂಸ್ಥೆಯ ತಜ್ಞರು ಬಂದು ಪರೀಕ್ಷಿಸಿದ್ದು 2001ರಲ್ಲಿ. ಸರ್ವೋಚ್ಚ ನ್ಯಾಯಾಲಯ ದೇಶಾದ್ಯಂತ ತಡೆ ವಿಧಿಸಿದ್ದು 2011ರ ಮೇ ತಿಂಗಳಲ್ಲಿ. ಸಸ್ಯಶಾಸ್ತ್ರ, ರಸಾಯನಶಾಸ್ತ್ರ, ಸಂಖ್ಯಾಶಾಸ್ತ್ರಗಳ ಹತ್ತು ಹುಡುಗರು ಎಂಬತ್ತರ ದಶಕದಲ್ಲಿಯೇ ಮನೆಮನೆಗೆ ಹೋಗಿ ಲೆಕ್ಕ ಬರೆದಿಟ್ಟಿದ್ದರೆ ಎಷ್ಟು ವರ್ಷ ಉಳಿಯುತ್ತಿತ್ತೋ ಎಂದು ನಾನು ಎಷ್ಟೋ ರಾತ್ರಿ ಯೋಚಿಸಿದ್ದೇನೆ.

ವಿಜ್ಞಾನದ ಪ್ರಬಂಧ ಇಂಗ್ಲಿಷಿನಲ್ಲಿರಲಿ, ಅದಕ್ಕೆ ನನ್ನ ಆಕ್ಷೇಪವಿಲ್ಲ. ಲೋಕದ ವಿದ್ವಾಂಸರು ಅದನ್ನು ಓದಬೇಕು. ಆದರೆ ನಮ್ಮ ಕನ್ನಡ ಮಾಧ್ಯಮದ ಮಕ್ಕಳು "ನಮಗೆ ಇಂಗ್ಲಿಷು ಸಾಲದು, ಸಂಶೋಧನೆ ನಮಗಲ್ಲ" ಎಂದು ಹಿಂದೆಗೆಯುವುದನ್ನು ಕಂಡಾಗ ನನಗೆ ನೋವಾಗುತ್ತದೆ. ಇಂಗ್ಲಿಷನ್ನು ಒಂದೆರಡು ವರ್ಷದಲ್ಲಿ ಕಲಿಯಬಹುದು. ಅಜ್ಜನನ್ನು ಎದ್ದು ನಿಲ್ಲಿಸಿದ ಆ ಪ್ರಶ್ನೆಯನ್ನು ಕೇಳುವ ನುಡಿ ಇಂಗ್ಲಿಷು ಮಾತ್ರ ಬಲ್ಲ ಹುಡುಗನಿಗೆ ಎಷ್ಟು ವರ್ಷ ಕಲಿತರೂ ಬರುವುದು ಕಷ್ಟ.

ತಂದೆತಾಯಿಗಳಲ್ಲಿ ನನ್ನ ಬಿನ್ನಹ ಇಷ್ಟೇ. ಮಗಳು ನಾಲ್ಕನೆಯ ವರ್ಷ ಓದುತ್ತೇನೆಂದರೆ ಕೂಡಲೇ ಬೇಡವೆನ್ನಬೇಡಿರಿ. ಅವಳು ಏನನ್ನು ಹುಡುಕಹೊರಟಿದ್ದಾಳೆಂದು ಒಮ್ಮೆ ಕೇಳಿರಿ. ಬೇರೆಯವರ ಮಕ್ಕಳು ಪ್ರಶ್ನೆ ಹಿಡಿದು ನಿಮ್ಮ ಅಂಗಳಕ್ಕೆ ಬಂದರೆ ಕುಳ್ಳಿರಿಸಿ ಉತ್ತರಿಸಿರಿ. ಅಟ್ಟದಲ್ಲಿರುವ ಹಳೆಯ ಜಮಾಖರ್ಚಿನ ಪುಸ್ತಕಗಳನ್ನು ಅವರಿಗೆ ತೋರಿಸಿರಿ. ಸಂಘದವರಲ್ಲಿ ಇನ್ನೊಂದು ಪ್ರಾರ್ಥನೆ: ವಾಚನಾಲಯದಲ್ಲಿ ಒಂದು ಕಪಾಟನ್ನು ಬಿಡಿಸಿಕೊಡಿರಿ. ಈ ನಾಡಿನ ವಿಷಯವಾಗಿ ನಮ್ಮ ಮಕ್ಕಳು ಬರೆದ ಪ್ರತಿಯೊಂದು ಪ್ರಬಂಧದ ಪ್ರತಿಯೂ, ಅದರೊಡನೆ ನಾಲ್ಕು ಪುಟದ ಕನ್ನಡ ಸಾರಾಂಶವೂ ಅಲ್ಲಿರಲಿ.

ಆ ಕಪಾಟಿಗೆ ಮೊದಲ ವಸ್ತುವನ್ನು ನಾನೇ ತಂದಿದ್ದೇನೆ. ಪ್ರಬಂಧ ರದ್ದಿಗೆ ಹೋದರೂ ಆ ಕನ್ನಡದ ಹುಡುಗಿ ಸುರಂಗದ ಬಾಯಲ್ಲಿ ಕುಳಿತು ಪೆನ್ಸಿಲಿನಲ್ಲಿ ಬರೆದುಕೊಂಡ ಟಿಪ್ಪಣಿಪುಸ್ತಕ ಉಳಿದಿತ್ತು. ಈಗ ಅಧ್ಯಾಪಕಿಯಾಗಿರುವ ಆಕೆ ಕಳೆದ ತಿಂಗಳು ಅದನ್ನು ನನಗೆ ಕಳುಹಿಸಿಕೊಟ್ಟಳು. ಒಟ್ಟು ಹನ್ನೊಂದು ಪುಟಗಳು. ಏಳನೆಯ ಪುಟದಲ್ಲಿ, ಸುರಂಗ ಯಾವ ಬದಿಗೆ ತಿರುಗಿತೆಂದು ಅಜ್ಜ ಹೇಳಿದ ಕಡೆ, ನೀರು ಬಿದ್ದು ಎರಡು ಸಾಲುಗಳು ಮಾಸಿವೆ. ತೋಡುವವರ ಶಬ್ದಗಳಾದುದರಿಂದ ನನಗೆ ಓದಲು ಬರಲಿಲ್ಲ. ಈ ಸಭೆಯಲ್ಲಿ ಸುರಂಗ ತೋಡಿದ ಮನೆತನದವರು ಯಾರಾದರೂ ಇದ್ದರೆ, ಊಟವಾದ ಮೇಲೆ ದಯವಿಟ್ಟು ನನ್ನನ್ನು ಕಾಣಬೇಕು.