ಐದು ವರ್ಷದ ಪಣ: ಒಂದು ಕುಟುಂಬ, ನೂರ ಅರವತ್ತು ಎಕರೆ



ನಿಮ್ಮಲ್ಲಿ ಅನೇಕರ ಮನೆಗಳಲ್ಲಿ ಒಂದು ಹಳೆಯ ಟ್ರಂಕು ಇರುತ್ತದೆ. ಅದರ ತಳದಲ್ಲಿ, ಬಟ್ಟೆಯಲ್ಲಿ ಸುತ್ತಿಟ್ಟ ಕೆಲವು ಕಾಗದಗಳಿರುತ್ತವೆ. ಮಕ್ಕಳು ಮುಟ್ಟಲು ಹೋದರೆ ಹಿರಿಯರು ಗದರುತ್ತಾರೆ. ಅವು ಜಮೀನಿನ ಕಾಗದಗಳು. ಇಂದು ನಾನು ಅಂಥದೇ ಒಂದು ಕಾಗದದ ಕಥೆಯನ್ನು ನಿಮಗೆ ಹೇಳಬೇಕೆಂದಿದ್ದೇನೆ. ಇದು ನಡೆದದ್ದು ನಮ್ಮಲ್ಲಿ ಅಲ್ಲ. ದೂರದ ಅಮೆರಿಕದ ಹುಲ್ಲು ಬಯಲಿನಲ್ಲಿ, ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಆದರೆ ಒಂದು ಕಾಗದಕ್ಕಾಗಿ ಒಂದು ಸಂಸಾರ ಏನೆಲ್ಲ ಪಣಕ್ಕಿಡುತ್ತದೆ ಎಂಬುದು ನಿಮಗೆ ತೀರ ಅಪರಿಚಿತವೆನಿಸಲಾರದು.

ಮೊದಲು ಕಾನೂನಿನ ವಿಷಯ. 1862ರ ಮೇ 20ರಂದು ಅಧ್ಯಕ್ಷ ಅಬ್ರಹಾಂ ಲಿಂಕನ್ ಒಂದು ಮಸೂದೆಗೆ ಸಹಿ ಹಾಕಿದರು. ಅದರ ಹೆಸರು ಹೋಮ್‌ಸ್ಟೆಡ್ ಕಾಯಿದೆ. ಇಂಥದೇ ಒಂದು ಮಸೂದೆಯನ್ನು ಎರಡು ವರ್ಷಗಳ ಹಿಂದೆ, 1860ರಲ್ಲಿ, ಅಧ್ಯಕ್ಷ ಬುಕ್ಯಾನನ್ ತಿರಸ್ಕರಿಸಿದ್ದರು. ಜೀತದಾಳುಗಳನ್ನಿಟ್ಟುಕೊಂಡಿದ್ದ ದಕ್ಷಿಣದ ರಾಜ್ಯಗಳಿಗೆ, ಪಶ್ಚಿಮದ ಭೂಮಿ ಸಣ್ಣ ರೈತರ ಪಾಲಾಗುವುದು ಇಷ್ಟವಿರಲಿಲ್ಲ. ಆ ರಾಜ್ಯಗಳು ಒಕ್ಕೂಟದಿಂದ ಹೊರನಡೆದು ಅಂತರ್ಯುದ್ಧ ಆರಂಭವಾದ ಮೇಲೆ ಸಂಸತ್ತಿನಲ್ಲಿ ವಿರೋಧಿಸುವವರ ಬಲ ಕುಗ್ಗಿತು. ಮಸೂದೆ ಕಾನೂನಾಯಿತು.

ಈ ಕಾನೂನು ಹೇಳಿದ್ದು ಇಷ್ಟು: ಇಪ್ಪತ್ತೊಂದು ವರ್ಷ ತುಂಬಿದವರು ಅಥವಾ ಕುಟುಂಬದ ಯಜಮಾನರು, ಅಮೆರಿಕದ ಪ್ರಜೆಯಾಗಿದ್ದರೆ ಅಥವಾ ಪ್ರಜೆಯಾಗುವ ಉದ್ದೇಶವನ್ನು ಪ್ರಮಾಣ ಮಾಡಿ ತಿಳಿಸಿದ್ದರೆ, ಸರ್ಕಾರಿ ಭೂಮಿಯಲ್ಲಿ 160 ಎಕರೆಯವರೆಗೆ ಕೋರಿ ಅರ್ಜಿ ಹಾಕಬಹುದು. ಅಲ್ಲಿ ಮನೆ ಕಟ್ಟಬೇಕು, ಉಳಬೇಕು, ಐದು ವರ್ಷ ವಾಸಿಸಬೇಕು. ಆಮೇಲೆ ಸಾಕ್ಷಿ ಒದಗಿಸಿದರೆ ಭೂಮಿ ಅವರದೇ. ಎಲ್ಲ ಸೇರಿ ಶುಲ್ಕ ಸುಮಾರು 18 ಡಾಲರ್. ವಿಧವೆಯರೂ ಅವಿವಾಹಿತ ಮಹಿಳೆಯರೂ ತಮ್ಮ ಹೆಸರಿನಲ್ಲೇ ಅರ್ಜಿ ಹಾಕಬಹುದಿತ್ತು. ಆ ಕಾಲಕ್ಕೆ ಇದು ಸಣ್ಣ ಮಾತಲ್ಲ. 1863ರ ಜನವರಿ 1ರಂದು ಕಾಯಿದೆ ಜಾರಿಗೆ ಬಂದಿತು. ಅದೇ ದಿನ ಡ್ಯಾನಿಯಲ್ ಫ್ರೀಮನ್ ಎಂಬಾತ ನೆಬ್ರಾಸ್ಕದಲ್ಲಿ ಅರ್ಜಿ ಹಾಕಿದ. ಮೊದಮೊದಲ ಅರ್ಜಿದಾರರಲ್ಲಿ ಒಬ್ಬನಾದ ಆತನ ಜಮೀನು ಈಗ ರಾಷ್ಟ್ರೀಯ ಐತಿಹಾಸಿಕ ಉದ್ಯಾನವಾಗಿದೆ.

ಭೂಮಿಯನ್ನು ಅಳೆದ ರೀತಿಯೂ ಸ್ವಾರಸ್ಯಕರ. ಬೆಟ್ಟ, ಹಳ್ಳ, ಹೊಳೆ ಯಾವುದನ್ನೂ ಲೆಕ್ಕಿಸದೆ ಸರ್ವೇಯರುಗಳು ನೆಲದ ಮೇಲೆ ಚದುರಂಗದ ಹಾಸಿನಂತೆ ಗೆರೆ ಎಳೆದರು. ಆರು ಮೈಲಿ ಉದ್ದ, ಆರು ಮೈಲಿ ಅಗಲದ ಒಂದು ಚೌಕಕ್ಕೆ ಟೌನ್‌ಶಿಪ್ ಎಂದು ಹೆಸರು. ಅದರೊಳಗೆ ಒಂದೊಂದು ಚದರ ಮೈಲಿಯ 36 ತುಂಡುಗಳು. ಒಂದೊಂದು ತುಂಡು 640 ಎಕರೆ. ಅದರ ಕಾಲು ಭಾಗವೇ 160 ಎಕರೆ. ಅಂದರೆ ಅರ್ಧ ಮೈಲಿ ಉದ್ದ, ಅರ್ಧ ಮೈಲಿ ಅಗಲ. ಕೆಲವೇ ಎಕರೆಯಲ್ಲಿ ಬದುಕುವ ನಮ್ಮ ಸಣ್ಣ ರೈತರಿಗೆ ಇದು ಜಹಗೀರಿನಂತೆ ಕಾಣಬಹುದು. ಆದರೆ ಅಲ್ಲಿಯ ಮಳೆ, ಅಲ್ಲಿಯ ಚಳಿ ಬೇರೆ. ಆ ಮಾತಿಗೆ ಮುಂದೆ ಬರುತ್ತೇನೆ.

ಈಗ ನಮ್ಮ ಕುಟುಂಬದ ವಿಷಯ. ಯಜಮಾನನ ಹೆಸರು ಚಾರ್ಲ್ಸ್ ಇಂಗಲ್ಸ್, ಹೆಂಡತಿ ಕ್ಯಾರೊಲಿನ್. ನಾಲ್ವರು ಹೆಣ್ಣುಮಕ್ಕಳು: ಮೇರಿ, ಲಾರಾ, ಕ್ಯಾರಿ, ಗ್ರೇಸ್. ಒಬ್ಬ ಮಗ ಹಸುಗೂಸಾಗಿದ್ದಾಗಲೇ ತೀರಿಕೊಂಡಿದ್ದ. ಎರಡನೆಯ ಮಗಳು ಲಾರಾ ಮುಂದೆ ಲಾರಾ ಇಂಗಲ್ಸ್ ವೈಲ್ಡರ್ ಎಂಬ ಹೆಸರಿನಲ್ಲಿ ಮಕ್ಕಳಿಗಾಗಿ ಕಾದಂಬರಿಗಳನ್ನು ಬರೆದು ಪ್ರಸಿದ್ಧಳಾದಳು. ಆಕೆಯ ಮೊದಲ ಪುಸ್ತಕ ಪ್ರಕಟವಾದದ್ದು 1932ರಲ್ಲಿ, ಆಕೆಗೆ 65 ವರ್ಷವಾದಾಗ. ಆದರೆ ಇಂದು ನಾವು ಕಾದಂಬರಿಗಿಂತ ಹೆಚ್ಚಾಗಿ ದಾಖಲೆಗಳ ಕಡೆ ನೋಡೋಣ.

ಚಾರ್ಲ್ಸ್‌ನಿಗೆ ಕಾಲು ನಿಲ್ಲದ ಸ್ವಭಾವ. 1869ರಲ್ಲಿ ಕ್ಯಾನ್ಸಸ್‌ಗೆ ಹೋಗಿ ಮರದ ಮನೆ ಕಟ್ಟಿದ. ಆದರೆ ಆ ನೆಲ ಹೋಮ್‌ಸ್ಟೆಡ್‌ಗೆ ತೆರೆದ ನೆಲವಾಗಿರಲಿಲ್ಲ. ಅದು ಓಸೇಜ್ ಎಂಬ ಮೂಲನಿವಾಸಿ ಜನಾಂಗದ್ದು. 1870ರ ಜನಗಣತಿಯವರು ಆ ಊರಿಗೆ ಬಂದಾಗ ಅಲ್ಲಿದ್ದ ವಲಸಿಗರ ಆಸ್ತಿಯ ಬೆಲೆಯನ್ನು ಬರೆದುಕೊಳ್ಳಲಿಲ್ಲ. ಏಕೆಂದರೆ ನೆಲ ಓಸೇಜರದು, ಇವರಿಗೆ ಹಕ್ಕಿರಲಿಲ್ಲ. ಆ ಖಾಲಿ ಜಾಗವನ್ನು ನೆನಪಿಟ್ಟುಕೊಳ್ಳಿ. 1871ರಲ್ಲಿ ಕುಟುಂಬ ಅಲ್ಲಿಂದ ಹೊರಟಿತು. ಮುಂದೆ ಮಿನ್ನೆಸೋಟಕ್ಕೆ ಹೋದಾಗ ಇನ್ನೊಂದು ಆಪತ್ತು ಕಾದಿತ್ತು. 1870ರ ದಶಕದ ಮಧ್ಯದಲ್ಲಿ ಮಿಡತೆಗಳ ಹಿಂಡು ಮೋಡದಂತೆ ಬಂದು ಗೋಧಿಯ ಪೈರನ್ನೆಲ್ಲ ತಿಂದುಹಾಕಿತು. ಚಾರ್ಲ್ಸ್ ಕೂಲಿ ಹುಡುಕಿಕೊಂಡು ಪೂರ್ವದ ಕಡೆಗೆ ನಡೆದುಹೋದ. 1879ರಲ್ಲಿ ಹಿರಿಯ ಮಗಳು ಮೇರಿ ಕಾಯಿಲೆಯಿಂದ ದೃಷ್ಟಿ ಕಳೆದುಕೊಂಡಳು.

ಅದೇ ವರ್ಷ ಡಕೋಟಾ ಪ್ರಾಂತ್ಯದಲ್ಲಿ ಹೊಸ ರೈಲುದಾರಿ ಹಾಕುತ್ತಿದ್ದರು. ಚಾರ್ಲ್ಸ್ ರೈಲ್ವೆ ಶಿಬಿರದಲ್ಲಿ ಲೆಕ್ಕಪತ್ರದ ಕೆಲಸಕ್ಕೆ ಸೇರಿದ. 1880ರ ಫೆಬ್ರವರಿಯಲ್ಲಿ, ವಲಸಿಗರ ದಂಡು ಬರುವ ಮೊದಲೇ, ಬ್ರೂಕಿಂಗ್ಸ್ ಎಂಬಲ್ಲಿಗೆ ಹೋಗಿ ಅರ್ಜಿ ಹಾಕಿದ. ಆಗತಾನೆ ಹುಟ್ಟುತ್ತಿದ್ದ ಡಿ ಸ್ಮೆಟ್ ಎಂಬ ಊರಿನ ಪಕ್ಕದಲ್ಲಿ ಜಮೀನು. ಆಗ ಆತನ ವಯಸ್ಸು 44.

ಇಂಥ ಅರ್ಜಿಯ ಬಗ್ಗೆ ಆ ಬಯಲಿನ ಜನ ಒಂದು ಹಾಸ್ಯದ ಮಾತು ಆಡುತ್ತಿದ್ದರು. ಇದು ಸರ್ಕಾರದೊಡನೆ ಕಟ್ಟಿದ ಪಣ. ನೀನು ಐದು ವರ್ಷ ಹಸಿವಿನಿಂದ ಸಾಯದೆ ಉಳಿಯಲಾರೆ ಎಂದು ಸರ್ಕಾರ ಭೂಮಿಯನ್ನು ಪಣಕ್ಕಿಡುತ್ತದೆ, ಉಳಿಯುತ್ತೇನೆ ಎಂದು ನೀನು ಅರ್ಜಿಯ ಹಣ ಇಡುತ್ತೀಯೆ, ಎಂದು. ಹಾಸ್ಯವಾದರೂ ಅದರಲ್ಲಿ ಸತ್ಯವಿತ್ತು. ಭೂಮಿ ಧರ್ಮಕ್ಕೆ ಸಿಕ್ಕಿದರೂ ಬೇಸಾಯ ಧರ್ಮಕ್ಕೆ ನಡೆಯುವುದಿಲ್ಲ. ಎತ್ತು, ನೇಗಿಲು, ಬೀಜ, ಬಾವಿ, ಮನೆಗೆ ಹಲಗೆ: ಇವಕ್ಕೆಲ್ಲ ನೂರಾರು ಡಾಲರ್ ಬೇಕಾಗುತ್ತಿತ್ತು. ಮರವೇ ಇಲ್ಲದ ಆ ಬಯಲಿನಲ್ಲಿ ಅನೇಕರು ಹುಲ್ಲಿನ ಬೇರು ಹೆಣೆದುಕೊಂಡ ಮಣ್ಣನ್ನೇ ದೊಡ್ಡ ಇಟ್ಟಿಗೆಗಳಂತೆ ಕತ್ತರಿಸಿ ಗೋಡೆ ಎಬ್ಬಿಸುತ್ತಿದ್ದರು. ಇಂಗಲ್ಸ್ ಕುಟುಂಬ ಹಲಗೆಯ ಗುಡಿಸಲು ಕಟ್ಟಿಕೊಂಡಿತು.

ಮೊದಲ ವರ್ಷವೇ ಪರೀಕ್ಷೆ. 1880ರ ಅಕ್ಟೋಬರಿನಲ್ಲೇ ಹಿಮದ ಬಿರುಗಾಳಿ ಬೀಸಿತು. ಕುಟುಂಬ ಗುಡಿಸಲನ್ನು ಬಿಟ್ಟು ಚಳಿಗಾಲಕ್ಕೆ ಊರೊಳಗಿನ ಮನೆಗೆ ಬಂದಿತು. ಬಿರುಗಾಳಿ ಒಂದರ ಹಿಂದೆ ಒಂದು ಬಂದು ರೈಲು ಹಳಿಗಳು ಹಿಮದಲ್ಲಿ ಹೂತುಹೋದವು. ತಿಂಗಳುಗಟ್ಟಲೆ ರೈಲು ಬರಲಿಲ್ಲ. ಕಲ್ಲಿದ್ದಲು ಮುಗಿದಾಗ ಒಣಹುಲ್ಲನ್ನು ಹಗ್ಗದಂತೆ ಹೊಸೆದು, ಕಟ್ಟಿಗೆಯ ಹಾಗೆ ಉರಿಸಿದರು. ಹಿಟ್ಟು ಮುಗಿದಾಗ ಕಾಫಿ ಬೀಜ ಪುಡಿಮಾಡುವ ಚಿಕ್ಕ ಯಂತ್ರದಲ್ಲಿ ಗೋಧಿಯನ್ನು ಬೀಸಿ ರೊಟ್ಟಿ ಮಾಡಿಕೊಂಡರು. 1881ರ ಮೇ ತಿಂಗಳಲ್ಲಿ ರೈಲು ಮತ್ತೆ ಬಂದಿತು. ಲಾರಾಳಿಗೆ ಆಗ ಹದಿನಾಲ್ಕು ವರ್ಷ. ನಿಮ್ಮಲ್ಲಿ ಹಲವರ ವಯಸ್ಸು.

ಮುಂದಿನ ವರ್ಷಗಳಲ್ಲಿ ಜಮೀನು ಕುಟುಂಬವನ್ನು ಸಾಕಿತೋ, ಕುಟುಂಬ ಜಮೀನನ್ನು ಸಾಕಿತೋ ಹೇಳುವುದು ಕಷ್ಟ. ಚಾರ್ಲ್ಸ್ ಊರಿನಲ್ಲಿ ಬಡಗಿ ಕೆಲಸ ಮಾಡಿದ. 1881ರಲ್ಲಿ ಮೇರಿಯನ್ನು ಐಯೋವಾದ ಅಂಧರ ಶಾಲೆಗೆ ಸೇರಿಸಿದರು. ಪ್ರಾಂತ್ಯದ ಸರ್ಕಾರ ಬೋಧನಾ ಶುಲ್ಕ ಕೊಟ್ಟಿತು. ಬಟ್ಟೆಬರೆ, ಪ್ರಯಾಣದ ಖರ್ಚು ಮನೆಯವರದು. ಲಾರಾ ಹೊಲಿಗೆ ಕೆಲಸ ಮಾಡಿದಳು. ಹದಿನೇಳು ತುಂಬುವ ಮೊದಲೇ, 1883ರ ಡಿಸೆಂಬರಿನಲ್ಲಿ, ಹಳ್ಳಿ ಶಾಲೆಯೊಂದರಲ್ಲಿ ಉಪಾಧ್ಯಾಯಿನಿಯಾದಳು. ಅಕ್ಕನ ಓದಿಗೆ ತಂಗಿಯ ಸಂಬಳ. ಇದನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಐದು ವರ್ಷ ಕಳೆದ ಮೇಲೆ ಎರಡು ವರ್ಷಗಳೊಳಗೆ ಅಂತಿಮ ಸಾಕ್ಷ್ಯ ಕೊಡಬೇಕೆಂದು ನಿಯಮವಿತ್ತು. ಮೊದಲು ಸ್ಥಳೀಯ ಪತ್ರಿಕೆಯಲ್ಲಿ ಪ್ರಕಟಣೆ. ಯಾರಾದರೂ ತಕರಾರು ಹೇಳುವುದಿದ್ದರೆ ಹೇಳಲಿ ಎಂದು. ಆಮೇಲೆ ಅರ್ಜಿದಾರನೂ ನೆರೆಹೊರೆಯ ಇಬ್ಬರು ಸಾಕ್ಷಿಗಳೂ ಪ್ರಮಾಣ ಮಾಡಿ ಅಚ್ಚಾದ ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಮನೆ ಎಷ್ಟು ಅಡಿ? ಎಷ್ಟು ಎಕರೆ ಉತ್ತಿದ್ದೀರಿ? ಎಷ್ಟು ವರ್ಷ ಬೆಳೆ ತೆಗೆದಿರಿ? ಜಮೀನು ಬಿಟ್ಟು ಎಷ್ಟು ಕಾಲ ಹೊರಗಿದ್ದಿರಿ? ಇಂಥ ಪ್ರಶ್ನೆಗಳು. 1886ರಲ್ಲಿ ಚಾರ್ಲ್ಸ್ ಇವಕ್ಕೆಲ್ಲ ಉತ್ತರ ಕೊಟ್ಟು ಪಣ ಗೆದ್ದ. ಆದರೆ ಮರುವರ್ಷವೇ ಕುಟುಂಬ ಊರಿನೊಳಗೆ ಮನೆ ಕಟ್ಟಿಕೊಂಡು ಜಮೀನಿನಿಂದ ಹೊರಬಂದಿತು. 1892ರಲ್ಲಿ ಆ ಜಮೀನನ್ನು ಮಾರಿಯೂ ಬಿಟ್ಟಿತು. ಹಕ್ಕುಪತ್ರ ಕೊಟ್ಟದ್ದು ಬರೀ ಉಳುವ ನೆಲವನ್ನಲ್ಲ, ಮಾರಿ ಬೇರೆ ಬದುಕು ಹುಡುಕುವ ಸ್ವಾತಂತ್ರ್ಯವನ್ನೂ.

ಎಲ್ಲರೂ ಗೆಲ್ಲಲಿಲ್ಲ. ಲಾರಾ 1885ರಲ್ಲಿ ಅಲ್ಮಾಂಜೊ ವೈಲ್ಡರ್ ಎಂಬ ರೈತನನ್ನು ಮದುವೆಯಾದಳು. ಆತನ ಬಳಿ ಹೋಮ್‌ಸ್ಟೆಡ್ ಜೊತೆಗೆ ಮರ ಬೆಳೆಸುವ ಷರತ್ತಿನ ಇನ್ನೊಂದು ಜಮೀನೂ ಇತ್ತು. 1873ರ ಒಂದು ಕಾನೂನಿನಂತೆ, ನಿಗದಿಯಾದಷ್ಟು ಎಕರೆಯಲ್ಲಿ ಮರ ನೆಟ್ಟು ಉಳಿಸಿದರೆ 160 ಎಕರೆ ಸಿಗುತ್ತಿತ್ತು. ಆದರೆ ಬಿಸಿಗಾಳಿಗೆ, ಬರಕ್ಕೆ ಸಸಿಗಳು ಒಣಗಿದವು. ಇಬ್ಬರಿಗೂ ಗಂಟಲಮಾರಿ ರೋಗ ಬಂದಿತು. 1889ರಲ್ಲಿ ಗಂಡುಮಗು ತೀರಿಕೊಂಡಿತು. ಅದೇ ತಿಂಗಳಲ್ಲಿ ಮನೆಗೆ ಬೆಂಕಿ ಬಿತ್ತು. 1894ರಲ್ಲಿ ದಂಪತಿ ಡಕೋಟಾ ಬಿಟ್ಟು ಮಿಸ್ಸೌರಿಗೆ ಹೋದರು.

ಇದು ಅವರ ಸೋಮಾರಿತನವೇ? ಅಲ್ಲ. ಪಶ್ಚಿಮಕ್ಕೆ ಹೋದಂತೆ ಮಳೆ ಕಡಿಮೆಯಾಗುತ್ತದೆ. ಸುಮಾರು ನೂರನೆಯ ರೇಖಾಂಶದಿಂದಾಚೆ ವರ್ಷಕ್ಕೆ 20 ಅಂಗುಲವೂ ಬೀಳುವುದಿಲ್ಲ. ನೇಗಿಲು ಹೋದೆಡೆ ಮಳೆ ಹಿಂಬಾಲಿಸುತ್ತದೆ ಎಂದು ಕೆಲವರು ಪ್ರಚಾರ ಮಾಡಿದರು. ಜನ ನಂಬಿದರು. ಜಾನ್ ವೆಸ್ಲಿ ಪೊವೆಲ್ ಎಂಬ ವಿಜ್ಞಾನಿ 1878ರಲ್ಲೇ ವರದಿ ಕೊಟ್ಟು, ಒಣಪ್ರದೇಶಕ್ಕೆ ಚೌಕಾಕಾರದ 160 ಎಕರೆಯ ಲೆಕ್ಕ ಸಲ್ಲದು, ನೀರನ್ನು ನೋಡಿ ಭೂಮಿ ಹಂಚಬೇಕು ಎಂದು ಎಚ್ಚರಿಸಿದ್ದರು. ಆ ಮಾತಿಗೆ ಬೆಲೆ ಸಿಗಲಿಲ್ಲ. ನೆಲವನ್ನು ಅಳೆದವರು ಮಳೆಯನ್ನು ಅಳೆಯಲಿಲ್ಲ.

ಈಗ ಆ ಖಾಲಿ ಜಾಗಕ್ಕೆ ಹಿಂತಿರುಗೋಣ. ಸರ್ಕಾರ ಹಂಚಿದ ಭೂಮಿ ಸರ್ಕಾರಕ್ಕೆ ಬಂದದ್ದು ಎಲ್ಲಿಂದ? ಒಪ್ಪಂದ, ಒತ್ತಾಯ, ಯುದ್ಧಗಳ ಮೂಲಕ ಮೂಲನಿವಾಸಿಗಳಿಂದ. ಹೋಮ್‌ಸ್ಟೆಡ್ ಕಾಯಿದೆ ಬಂದ 1862ರಲ್ಲೇ ಮಿನ್ನೆಸೋಟದಲ್ಲಿ ಡಕೋಟಾ ಜನರೊಡನೆ ಯುದ್ಧ ನಡೆಯಿತು. ಕೊಡಬೇಕಾದ ಹಣ ಸಕಾಲಕ್ಕೆ ಬಾರದೆ ಅವರು ಹಸಿವಿನಲ್ಲಿದ್ದರು. ಆ ವರ್ಷದ ಡಿಸೆಂಬರ್ 26ರಂದು 38 ಮಂದಿ ಡಕೋಟಾ ಜನರನ್ನು ಒಟ್ಟಿಗೆ ಗಲ್ಲಿಗೇರಿಸಲಾಯಿತು. ಓಸೇಜರು ಕ್ಯಾನ್ಸಸ್ ಬಿಟ್ಟು ಇಂದಿನ ಓಕ್ಲಹಾಮಾಗೆ ಹೋಗಬೇಕಾಯಿತು. 1887ರ ಇನ್ನೊಂದು ಕಾಯಿದೆ ಬುಡಕಟ್ಟುಗಳ ಸಾಮೂಹಿಕ ಭೂಮಿಯನ್ನೂ ತುಂಡು ಮಾಡಿತು. ಅವರ ಕೈಯಲ್ಲಿದ್ದ ಸುಮಾರು 13.8 ಕೋಟಿ ಎಕರೆ 1934ರ ಹೊತ್ತಿಗೆ ಸುಮಾರು 4.8 ಕೋಟಿ ಎಕರೆಗೆ ಇಳಿದಿತ್ತು.

ಅರ್ಜಿ ಹಾಕುವ ಹಕ್ಕಿನ ಬಾಗಿಲೂ ಎಲ್ಲರಿಗೂ ಒಂದೇ ಸಮನಾಗಿ ತೆರೆದಿರಲಿಲ್ಲ. ಜೀತದಿಂದ ಬಿಡುಗಡೆಯಾದ ಕರಿಯರು ಬಂದು ಕ್ಯಾನ್ಸಸ್‌ನಲ್ಲಿ 1877ರಲ್ಲಿ ನಿಕೊಡೀಮಸ್ ಎಂಬ ಊರನ್ನೇ ಕಟ್ಟಿದರು. ಆದರೆ ಪ್ರಜೆಯಾಗಲು ಅವಕಾಶವಿಲ್ಲದ ಏಷ್ಯಾದವರಿಗೆ ಈ ಭೂಮಿ ಎಟುಕಲಿಲ್ಲ. ಅಮೆರಿಕದ ಸೈನ್ಯದಲ್ಲಿ ಸೇವೆ ಸಲ್ಲಿಸಿದ್ದ ನಮ್ಮ ಪಂಜಾಬಿನ ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆಯಲ್ಲಿ, ಭಾರತೀಯರು ಬಿಳಿಯರಲ್ಲವಾದ್ದರಿಂದ ಪ್ರಜೆಗಳಾಗಲಾರರು ಎಂದು ಅಲ್ಲಿಯ ಸುಪ್ರೀಂ ಕೋರ್ಟು 1923ರಲ್ಲಿ ತೀರ್ಪು ಕೊಟ್ಟಿತು. 1946ರವರೆಗೆ ಆ ಬಾಗಿಲು ಮುಚ್ಚಿಯೇ ಇತ್ತು.

ಈ ಕಾಯಿದೆ 1976ರಲ್ಲಿ ರದ್ದಾಯಿತು. ಅಲಾಸ್ಕಾದಲ್ಲಿ ಮಾತ್ರ ಇನ್ನೂ ಹತ್ತು ವರ್ಷ ನಡೆಯಿತು. ಅಷ್ಟರಲ್ಲಿ ಸುಮಾರು 16 ಲಕ್ಷ ಹಕ್ಕುಪತ್ರಗಳಲ್ಲಿ ಸುಮಾರು 27 ಕೋಟಿ ಎಕರೆ ಜನರ ಕೈಗೆ ಹೋಗಿತ್ತು. ನಮ್ಮ ಕರ್ನಾಟಕದಂಥ ಐದು ರಾಜ್ಯಗಳಿಗಿಂತ ಹೆಚ್ಚಿನ ನೆಲ.

ಮಿತ್ರರೇ, ಹಾಗಾದರೆ ಇಂಗಲ್ಸ್ ಕುಟುಂಬವನ್ನು ನಾವು ಮೆಚ್ಚಬೇಕೋ, ದೂಷಿಸಬೇಕೋ? ಪರೀಕ್ಷೆಯ ಪ್ರಶ್ನೆಯಂತೆ ಇದಕ್ಕೆ ಒಂದೇ ವಾಕ್ಯದ ಉತ್ತರ ಬರೆಯಲಾಗದು. ಹುಲ್ಲು ಹೊಸೆದು ಬೆಂಕಿ ಕಾಯಿಸಿಕೊಂಡ ಕೈಗಳ ಕಷ್ಟ ಸುಳ್ಳಲ್ಲ. ಆ ಹುಲ್ಲುಗಾವಲನ್ನು ಕಳೆದುಕೊಂಡವರ ಕಷ್ಟವೂ ಸುಳ್ಳಲ್ಲ. ಚಾರ್ಲ್ಸ್‌ನ ಸಾಕ್ಷ್ಯಪತ್ರದಲ್ಲಿ ಮನೆಯ ಅಳತೆ ಕೇಳಿದ್ದರು, ಬೆಳೆ ಕೇಳಿದ್ದರು. ನಿಮಗಿಂತ ಮೊದಲು ಇಲ್ಲಿ ಯಾರಿದ್ದರು ಎಂದು ಕೇಳುವ ಪ್ರಶ್ನೆ ಅದರಲ್ಲಿ ಅಚ್ಚಾಗಿರಲಿಲ್ಲ. ಚರಿತ್ರೆಯ ವಿದ್ಯಾರ್ಥಿ ಕೇಳಬೇಕಾದದ್ದು ಆ ಪ್ರಶ್ನೆಯನ್ನು.

ಮುಂದಿನ ರಜೆಯಲ್ಲಿ ಮನೆಗೆ ಹೋದಾಗ, ಹಿರಿಯರ ಅಪ್ಪಣೆ ಪಡೆದು ಆ ಟ್ರಂಕನ್ನು ಒಮ್ಮೆ ತೆರೆಸಿ. ಕಾಗದದಲ್ಲಿ ಯಾರ ಹೆಸರಿದೆ ಓದಿ. ಆ ನೆಲದಲ್ಲಿ ದುಡಿದ ಯಾರ ಹೆಸರು ಇಲ್ಲ ಎಂಬುದನ್ನೂ ಅಜ್ಜಿಯನ್ನು ಕೇಳಿ ತಿಳಿದುಕೊಳ್ಳಿ.