ಅರ್ಜಿ ಬರೆಯಿರಿ, ಸ್ವೀಕೃತಿ ಪಡೆಯಿರಿ
(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಭಾಷಣ)

 

ನಾನು ಸರ್ಕಾರಿ ಇಂಜಿನಿಯರ್ ಆಗಿ ನಿವೃತ್ತನಾದವನು. ಅನುಭಾವದ ಮಾತಿಗಿಂತ ಕಡತದ ಮಾತು ನನಗೆ ಹೆಚ್ಚು ಗೊತ್ತು. ಇಂದು ಅದನ್ನೇ ಹೇಳುತ್ತೇನೆ.

ನನ್ನ ಮೊಮ್ಮಗಳಿಗೆ ಸೆರೆಬ್ರಲ್ ಪಾಲ್ಸಿ. ನಡೆಯಲಾಗದು, ಬರವಣಿಗೆ ನಿಧಾನ. ಬುದ್ಧಿ ಮಾತ್ರ ಚುರುಕು. 6 ವರ್ಷ ತುಂಬಿದಾಗ ನನ್ನ ಮಗಳು ಮನೆ ಹತ್ತಿರದ ಶಾಲೆಗೆ ಹೋಗಿ ಕೇಳಿದಳು. “ನಮ್ಮಲ್ಲಿ ಆಗೋದಿಲ್ಲಮ್ಮ, ವಿಶೇಷ ಶಾಲೆ ನೋಡಿಕೊಳ್ಳಿ” ಎಂದರು. ಮೂರು ಸಲ ಹೋದಳು, ಅದೇ ಉತ್ತರ. ನಾಲ್ಕನೆಯ ಸಲ ಅರ್ಜಿ ಬರೆದು ಒಯ್ದಳು. “ಸೇರಿಸಿಕೊಳ್ಳಲು ಆಗದಿದ್ದರೆ ಕಾರಣವನ್ನು ಬರೆದುಕೊಡಿ” ಎಂಬುದು ಅದರ ಕೊನೆಯ ಸಾಲು. ಬರೆದುಕೊಡಲು ಯಾರೂ ಸಿದ್ಧರಿರಲಿಲ್ಲ. ಮಗು ಶಾಲೆಗೆ ಸೇರಿತು.

ಅವರು ಯಾಕೆ ಬರೆದುಕೊಡಲಿಲ್ಲ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅಡ್ಡ ಬರುತ್ತದೆ. 1995ರ ಹಳೆಯ ಕಾಯ್ದೆಯಲ್ಲಿ 7 ಬಗೆಯ ವೈಕಲ್ಯಗಳಿದ್ದವು, ಈಗ 21 ಇವೆ. ಆಟಿಸಂ, ಕಲಿಕಾ ನ್ಯೂನತೆಗಳೂ ಸೇರಿವೆ. 16ನೇ ಕಲಮಿನ ಪ್ರಕಾರ ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ಭೇದ ಮಾಡದೆ ಸೇರಿಸಿಕೊಳ್ಳಬೇಕು. ಮಾನ್ಯತೆ ಎಂದಮೇಲೆ ಮಠಗಳ ಶಾಲೆಗಳೂ ಬಂದವು. 31ನೇ ಕಲಮಿನಂತೆ ಶೇ. 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯವಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ನೆರೆಯ ಶಾಲೆಯೋ ವಿಶೇಷ ಶಾಲೆಯೋ, ಆಯ್ಕೆ ಮಗುವಿನ ಕಡೆಯದು. ಕಿವುಡ ಮಗುವಿಗೆ ಸನ್ನೆ ಭಾಷೆ ಬಲ್ಲ ವಿಶೇಷ ಶಾಲೆಯೇ ಹಿತವೆನಿಸಬಹುದು. ಆದರೆ ಅದನ್ನು ಹೆತ್ತವರು ಯೋಚಿಸಿ ಆರಿಸಬೇಕು. ಶಾಲೆಯವರು ಕೈತೊಳೆದುಕೊಳ್ಳಲು ಹೇಳುವ ಮಾತಾಗಬಾರದು. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆಯಲು ಸಹಾಯಕರು, ಎರಡನೇ ಮತ್ತು ಮೂರನೇ ಭಾಷೆಗಳಿಂದ ವಿನಾಯಿತಿ, ಇವೂ 17ನೇ ಕಲಮಿನಲ್ಲಿವೆ.

ಹೆತ್ತವರಿಗೆ ನನ್ನ ಮಾತು ಇಷ್ಟೇ. ವೈಕಲ್ಯ ಪ್ರಮಾಣಪತ್ರ ಮತ್ತು ಯುಡಿಐಡಿ ಕಾರ್ಡ್ ಮಾಡಿಸಿ. ಅರ್ಜಿಯನ್ನು ಎರಡು ಪ್ರತಿ ಬರೆದು, ಒಂದರ ಮೇಲೆ ಸಹಿ, ಮೊಹರು, ದಿನಾಂಕ ಹಾಕಿಸಿಕೊಳ್ಳಿ. ಶಾಲೆ ಕೇಳದಿದ್ದರೆ ಬಿಇಒ ಕಚೇರಿ, ಅಲ್ಲೂ ಆಗದಿದ್ದರೆ ಅಂಗವಿಕಲರ ರಾಜ್ಯ ಆಯುಕ್ತರು. ಒಬ್ಬರೇ ಹೋಗಬೇಡಿ, ಅಂಥ ಮಕ್ಕಳಿರುವ ಇನ್ನೊಂದು ಮನೆಯವರನ್ನೂ ಕರೆದುಕೊಂಡು ಹೋಗಿ. ಬಾಯಿಮಾತಿನ ಬೇಡಿಕೆ ಬಾಗಿಲಲ್ಲೇ ಉಳಿಯುತ್ತದೆ, ಮೊಹರು ಬಿದ್ದ ಅರ್ಜಿಗೆ ಉತ್ತರ ಕೊಡಲೇಬೇಕಾಗುತ್ತದೆ.

ಉಳಿದವರಿಗೂ ಒಂದು ಮಾತು. ಮಗುವಿಗಾಗಿ ಓಡಾಡುವ ತಾಯಿಯನ್ನು ಜಗಳಗಂಟಿ ಎನ್ನಬೇಡಿ. ಪೂರ್ವಜನ್ಮದ ಕರ್ಮ ಎಂದು ಅವಳ ಮುಂದೆ ಆಡಬೇಡಿ. ಶರಣರ ಮಾರ್ಗದಲ್ಲಿ ನಡೆಯುವವರ ಬಾಯಲ್ಲಿ ಆ ಮಾತು ಬರಬಾರದು.

ಕೊನೆಯದಾಗಿ ನನ್ನ ಕಸುಬಿನ ಮಾತು. ಅನೇಕ ಶಾಲೆಗಳಲ್ಲಿ ರ‍್ಯಾಂಪ್ ಇದೆ, ಗಾಲಿಕುರ್ಚಿ ಹತ್ತುವುದಿಲ್ಲ. 1 ಅಡಿ ಎತ್ತರಕ್ಕೆ 12 ಅಡಿ ಉದ್ದ ಬೇಕು. ಒಂದೂವರೆ ಅಡಿ ಜಗಲಿಗೆ 18 ಅಡಿ. 6 ಅಡಿಯಲ್ಲಿ ಮುಗಿಸಿದರೆ ಅದು ಜಾರುಬಂಡೆ. ನಮ್ಮ ಮಠದ ಶಾಲೆಗಳನ್ನು ಅಳೆದು ಅಂದಾಜುಪಟ್ಟಿ ಮಾಡಿಕೊಡಲು ನಾನು ಸಿದ್ಧನಿದ್ದೇನೆ. ನನ್ನಿಂದ ಆಗುವ ಕಾಯಕ ಅದು. ಶಾಲೆ ತೆರೆಯುವ ಮುನ್ನ ಕರೆಯಿರಿ, ಟೇಪು ಹಿಡಿದು ಬರುತ್ತೇನೆ.